ಗರಡಿಯಿಂದ ಬಂದ ವೀರಬಾಹು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ಮೊದಲು ನೆನಪಾದವರು ನಟ ಎಂ.ಪಿ. ಶಂಕರ್. ಅವರನ್ನು ನಾನು ಎದುರಿಗೆ ಕಂಡವನಲ್ಲ. ಆದರೂ ನಾನು ತಲೆ ಎತ್ತಿ ನಡೆಯಲು ಕಲಿತದ್ದು ಅವರಿಂದ.

ಶಂಕರ್ ಹುಟ್ಟಿದ್ದು 1935ರ ಆಗಸ್ಟ್ 20ರಂದು, ಮೈಸೂರಿನಲ್ಲಿ. ಆಗ ನಮ್ಮ ಚಾಮರಾಜನಗರವೂ ಮೈಸೂರು ಜಿಲ್ಲೆಗೇ ಸೇರಿತ್ತು; ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮೈಸೂರು ಗರಡಿಗಳ ಊರು. ಕೋಳಿ ಕೂಗುವ ಹೊತ್ತಿಗೆ ಎದ್ದು ದಂಡ, ಬಸ್ಕಿ ಹೊಡೆದು, ಕೆಮ್ಮಣ್ಣಿನ ಮಟ್ಟಿಯಲ್ಲಿ ಹೊರಳಾಡಿ, ಉಸ್ತಾದರಿಂದ ಪಟ್ಟು ಕಲಿಯುವುದು ಅಲ್ಲಿನ ಕ್ರಮ. ದಸರೆಯ ಕುಸ್ತಿ ಪೈಲ್ವಾನರಿಗೆ ದೊಡ್ಡ ಪರೀಕ್ಷೆ. ಯಾರ ಬೆನ್ನು ಮಣ್ಣು ಮುಟ್ಟಿತು ಎಂಬುದೊಂದೇ ಅಲ್ಲಿ ಲೆಕ್ಕ. ಶಂಕರ್ ಈ ಮಣ್ಣಿನಲ್ಲಿ ಪಳಗಿದ ಕುಸ್ತಿಪಟು.

1962ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ರತ್ನಮಂಜರಿ’ಯಿಂದ ಅವರು ಸಿನಿಮಾಕ್ಕೆ ಬಂದರು. ಕಟ್ಟುಮಸ್ತಾದ ಮೈ, ಗಡಸು ದನಿ ನೋಡಿ ಖಳನ ಪಾತ್ರಗಳು ಹುಡುಕಿಕೊಂಡು ಬಂದವು. ಆದರೆ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರಿಗೆ ಸಿಕ್ಕಿದ್ದು ವೀರಬಾಹುವಿನ ಪಾತ್ರ. ಸಾಲ ತೀರಿಸಲು ತನ್ನನ್ನೇ ಮಾರಿಕೊಂಡ ರಾಜನನ್ನು ಕೊಳ್ಳುವ ಸುಡುಗಾಡಿನ ಒಡೆಯ ಆತ. ರಾಜಕುಮಾರ್ ಹರಿಶ್ಚಂದ್ರ. ಇಂದಿಗೂ ಜನ ಮರೆಯದ ವೀರಬಾಹು ಶಂಕರ್ ಅವರೇ.

ನಮ್ಮಪ್ಪ ಊರಿನಲ್ಲಿ ಹೆಣ ಹೂಳಲು ಗುಂಡಿ ತೆಗೆಯುತ್ತಿದ್ದರು. ಬೀದಿಯಲ್ಲಿ ಹುಡುಗರು ನನ್ನನ್ನು ಗುಂಡಿ ತೆಗೆಯುವವನ ಮಗ ಎಂದೇ ಕರೆಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಡಬೇಕೆಂದು ಮನಸ್ಸು ಮಾಡಿದ್ದೆ. ಆ ವರ್ಷವೇ ಟೆಂಟಿನಲ್ಲಿ ‘ಸತ್ಯ ಹರಿಶ್ಚಂದ್ರ’ ನೋಡಿದೆ. ನಮ್ಮಪ್ಪನ ಕೆಲಸದವನೇ ಆದ ಒಬ್ಬ, ತೆರೆಯ ತುಂಬ ಎದೆ ಸೆಟೆಸಿ ನಿಂತಿದ್ದ. ಮಡಿ ಮೈಲಿಗೆಯನ್ನು ಕೇಳುವವರನ್ನೇ ಕೇಳುತ್ತ ಹಾಡಿ ಕುಣಿಯುತ್ತಿದ್ದ. ಟೆಂಟಿನಲ್ಲಿದ್ದವರೆಲ್ಲ ಶಿಳ್ಳೆ ಹೊಡೆದರು. ನಾನು ಕತ್ತಲಲ್ಲಿ ಅತ್ತೆ.

ಅದೇ ವರ್ಷ ವಾರ್ಷಿಕೋತ್ಸವದ ನಾಟಕದಲ್ಲಿ ವೀರಬಾಹು ಆಗಲು ಯಾರೂ ಒಪ್ಪಲಿಲ್ಲ. ನಮ್ಮ ಕನ್ನಡ ಮೇಷ್ಟ್ರು ಯಾರನ್ನೂ ಬಲವಂತ ಮಾಡಲಿಲ್ಲ. ನಾನೇ ಎದ್ದು ನಿಂತೆ. ನಾಟಕದ ದಿನ ಅಪ್ಪ ಹಿಂದಿನ ಸಾಲಿನಲ್ಲಿ ನಿಂತು ಕೊನೆಯವರೆಗೂ ನೋಡಿದರು. ಮರುದಿನದಿಂದ ಶಾಲೆ ಬಿಡುವ ಮಾತು ಆಡಲಿಲ್ಲ.

ಶಂಕರ್ ನಟನಾಗಿಯೇ ನಿಲ್ಲಲಿಲ್ಲ, ನಿರ್ಮಾಪಕರಾದರು. ಕಾಡು, ಪ್ರಾಣಿಗಳೆಂದರೆ ಅವರಿಗೆ ಪ್ರೀತಿ. 1973ರಲ್ಲಿ ಅವರು ನಿರ್ಮಿಸಿದ ‘ಗಂಧದ ಗುಡಿ’ಯಲ್ಲಿ ರಾಜಕುಮಾರ್ ಕಾಡುಗಳ್ಳರ ವಿರುದ್ಧ ನಿಲ್ಲುವ ಅರಣ್ಯಾಧಿಕಾರಿ, ವಿಷ್ಣುವರ್ಧನ್ ಕೂಡ ಇದ್ದರು. ಹುಲಿ ಯೋಜನೆ ಆರಂಭವಾದದ್ದೂ ಅದೇ ವರ್ಷ. ಮೊದಲ ಒಂಬತ್ತು ಹುಲಿ ತಾಣಗಳಲ್ಲಿ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರವೂ ಒಂದು. ಕಾಡಂಚಿನ ನಮಗೆ ಆ ಸಿನಿಮಾ ಮನೆಯ ಕಥೆಯಂತೆಯೇ ಇತ್ತು.

ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಶಂಕರ್ 2008ರ ಜುಲೈ 17ರಂದು ತೀರಿಕೊಂಡರು. ಅದಕ್ಕೂ ಮೊದಲೇ ನಮ್ಮಪ್ಪ ಹೋಗಿದ್ದರು. ಅವರ ಗುಂಡಿಯನ್ನು ನಾನೇ ತೆಗೆದೆ. ಆಗ ನಾನು ಸರ್ಕಾರಿ ನೌಕರ, ಬೇಡವೆಂದವರಿದ್ದರು. ನನಗೆ ನಾಚಿಕೆಯಾಗಲಿಲ್ಲ.

ಇಂದು ಇದೇ ಬೆಂಚುಗಳಲ್ಲಿ ಕುಳಿತಿರುವ ಮಕ್ಕಳೇ, ಮನೆಯವರ ಕಸುಬನ್ನು ಯಾರಾದರೂ ಹಂಗಿಸಿದರೆ ತಲೆ ತಗ್ಗಿಸಬೇಡಿ. ಗರಡಿಯ ಮಣ್ಣು ಮೆತ್ತಿಕೊಂಡೇ ಶಂಕರ್ ಬೆಳ್ಳಿತೆರೆಗೆ ಬಂದರು. ಶಾಲೆ ಮಾತ್ರ ಬಿಡಬೇಡಿ.