ಒಂದು ಹಗಲು, ಒಂದು ರಾತ್ರಿ ಭಾರವಿಲ್ಲದೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಾದವರಿದ್ದಾರೆ. ನಾನು ಓರ್ವ ಮಾಸ್ತರರ ಮಗನ ಕಥೆಯನ್ನು ಬರೆಯುತ್ತೇನೆಂದು ಒಪ್ಪಿಕೊಂಡೆನು.

1961ನೆಯ ಇಸವಿಯ ಆಗಸ್ಟ್ ತಿಂಗಳು. ಕಾಸರಗೋಡು ಕೇರಳಕ್ಕೆ ಸೇರಿ ಐದು ವರ್ಷ ತುಂಬುತ್ತ ಬಂದಿತ್ತು. ನಾನಾಗ ಐದನೆಯ ತರಗತಿಯ ವಿದ್ಯಾರ್ಥಿ. ನಮ್ಮ ಮಾಸ್ತರರು ತಡವಾಗಿ ಕೈಸೇರಿದ ಪತ್ರಿಕೆಯೊಂದನ್ನು ಹಿಡಿದುಕೊಂಡು ಬಂದು, ರಷ್ಯಾದ ಟಿಟೋವ್ ಎಂಬವರು ಆಕಾಶದಲ್ಲಿ ನಿದ್ದೆ ಮಾಡಿ ಮರಳಿದ ಸುದ್ದಿಯನ್ನು ಓದಿ ಹೇಳಿದರು. ಹಾರಿದ್ದಕ್ಕಿಂತಲೂ ನಿದ್ದೆ ಮಾಡಿದ್ದೇ ನಮಗೆ ದೊಡ್ಡ ಬೆರಗಾಗಿತ್ತು.

ಗೆರ್ಮನ್ ಸ್ತೆಪಾನೊವಿಚ್ ಟಿಟೋವ್ ಹುಟ್ಟಿದ್ದು 1935ರ ಸೆಪ್ಟೆಂಬರ್ 11ರಂದು, ಸೈಬೀರಿಯಾದ ಆಲ್ತಾಯ್ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಹಳ್ಳಿಯ ಶಾಲೆಯ ಅಧ್ಯಾಪಕರು, ಪುಷ್ಕಿನ್ ಕವಿಯ ಪರಮ ಅಭಿಮಾನಿ. ಮಗನಿಗೂ ಮಗಳಿಗೂ ಆ ಕವಿಯ ಪಾತ್ರಗಳ ಹೆಸರುಗಳನ್ನೇ ಇಟ್ಟರು. ಬಾಲಕ ಟಿಟೋವ್ ಒಮ್ಮೆ ಸೈಕಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ವಿಮಾನ ಚಾಲಕನಾಗುವ ಆಸೆಗೆ ಇದು ಅಡ್ಡಿಯಾದೀತೆಂದು ಅದನ್ನು ವೈದ್ಯರಿಂದ ಮುಚ್ಚಿಟ್ಟು, ಗುಟ್ಟಾಗಿ ವ್ಯಾಯಾಮ ಮಾಡಿ ಕೈಯನ್ನು ಬಲಪಡಿಸಿಕೊಂಡರು. 1957ರಲ್ಲಿ ಯುದ್ಧವಿಮಾನದ ಚಾಲಕರಾದರು; 1960ರಲ್ಲಿ ಗಗನಯಾತ್ರಿಗಳ ಮೊದಲ ತಂಡದ ಇಪ್ಪತ್ತು ಮಂದಿಯಲ್ಲಿ ಒಬ್ಬರಾಗಿ ಆಯ್ಕೆಯಾದರು.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಅವರೊಡನೆ ಟಿಟೋವ್ ಕೂಡ ಗಗನಯಾತ್ರಿಯ ಉಡುಪು ತೊಟ್ಟು ಅದೇ ಬಸ್ಸಿನಲ್ಲಿ ಉಡಾವಣೆಯ ಕಟ್ಟೆಯವರೆಗೆ ಹೋಗಿದ್ದರು. ಕೊನೆಯ ಗಳಿಗೆಯಲ್ಲಿ ಗಗಾರಿನ್‌ಗೆ ಏನಾದರೂ ಆದರೆ ಮಾತ್ರ ಇವರ ಸರದಿ. ಏನೂ ಆಗಲಿಲ್ಲ. ಗಗಾರಿನ್ 108 ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಬಂದರು, ಲೋಕದ ಹೆಸರೆಲ್ಲ ಅವರ ಪಾಲಾಯಿತು. ಇವರು ಉಡುಪು ಕಳಚಿಟ್ಟರು.

ಮುಂದಿನ ಯಾನ ಎಷ್ಟು ಹೊತ್ತಿನದಾಗಬೇಕೆಂಬುದರ ಬಗ್ಗೆ ಚರ್ಚೆ ನಡೆಯಿತು. ಮೂರು ಸುತ್ತು ಸಾಕೆಂಬುದು ವೈದ್ಯರ ಅಭಿಪ್ರಾಯ. ಮುಖ್ಯ ವಿನ್ಯಾಸಕ ಕೊರೊಲ್ಯೋವ್ ಅವರು ಇಡೀ ದಿನವೇ ಆಗಬೇಕೆಂದು ಹಟ ಹಿಡಿದರು. ಭಾರವಿಲ್ಲದ ಸ್ಥಿತಿಯಲ್ಲಿ ಮನುಷ್ಯ ಉಣ್ಣಬಲ್ಲನೆ, ಮಲಗಬಲ್ಲನೆ, ಬುದ್ಧಿ ಸ್ಥಿಮಿತದಲ್ಲಿರುವುದೆ ಎಂಬುದನ್ನು ಬಲ್ಲವರು ಅಂದು ಯಾರೂ ಇರಲಿಲ್ಲ. ಆಗಸ್ಟ್ 6ರ ಬೆಳಗ್ಗೆ ವೊಸ್ತೋಕ್-2 ನೌಕೆ ಮೇಲೇರಿತು.

ರಾಕೆಟ್ಟಿನ ಒತ್ತಡ ನಿಂತು ಭಾರ ಇಲ್ಲವಾದ ಕ್ಷಣದಲ್ಲಿಯೇ ಟಿಟೋವ್ ಅವರಿಗೆ ತಾನು ತಲೆಕೆಳಗಾಗಿರುವಂತೆ ಭಾಸವಾಯಿತು. ಅದು ಸ್ವಲ್ಪ ಸರಿಹೋದರೂ ಕೆಲವು ಸುತ್ತುಗಳ ಬಳಿಕ ತಲೆ ತಿರುಗಿ ಹೊಟ್ಟೆ ತೊಳೆಸತೊಡಗಿತು. ಊಟವೆಂದರೆ ಕೊಳವೆಗಳಲ್ಲಿ ತುಂಬಿದ ಗಟ್ಟಿ ಸಾರು, ಹಣ್ಣಿನ ರಸ. ಹೊರಚೆಲ್ಲಿದ ರಸದ ಹನಿಗಳು ಕೆಳಗೆ ಬೀಳದೆ ಮಣಿಗಳಂತೆ ಮುಖದ ಮುಂದೆ ತೇಲಿದವು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಯಿತು. ಮಲಗಿದಾಗ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಗಾಳಿಯಲ್ಲಿ ತೂಗಾಡುತ್ತಿದ್ದವು. ಅವನ್ನು ಆಸನದ ಪಟ್ಟಿಯೊಳಗೆ ಸಿಕ್ಕಿಸಿಕೊಂಡ ಮೇಲೆ ನಿದ್ದೆ ಹತ್ತಿತು. ಎಷ್ಟು ಚೆನ್ನಾಗಿ ಹತ್ತಿತೆಂದರೆ ಏಳಬೇಕಾದ ಹೊತ್ತು ಕಳೆದು ಅರ್ಧ ಗಂಟೆಯ ಮೇಲೆ ಎಚ್ಚರವಾಯಿತು! ಎದ್ದಾಗ ದೇಹ ಬಹುಮಟ್ಟಿಗೆ ಹಗುರಾಗಿತ್ತು. 17 ಸುತ್ತುಗಳನ್ನು ಮುಗಿಸಿ, 25 ಗಂಟೆಗಳ ಬಳಿಕ ನೌಕೆಯಿಂದ ಹೊರಚಿಮ್ಮಿ ಪ್ಯಾರಾಚೂಟಿನ ಮೂಲಕ ಸರಾತೊವ್ ಸೀಮೆಯ ನೆಲಕ್ಕಿಳಿದರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೇಲೆ ಗುರುತ್ವಾಕರ್ಷಣೆಯೇ ಇಲ್ಲ, ಆದುದರಿಂದ ಭಾರವೂ ಇಲ್ಲ ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದೆ. ಹಾಗಾದರೆ ಚಂದ್ರ ಏಕೆ ಭೂಮಿಯನ್ನು ಬಿಟ್ಟು ಓಡಿಹೋಗುವುದಿಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪುಸ್ತಕಗಳನ್ನು ಹುಡುಕಿದೆ. ಟಿಟೋವ್ ಹಾರಿದ ಎತ್ತರ ಸುಮಾರು 200 ಕಿಲೋಮೀಟರು. ಅಲ್ಲಿಯೂ ಭೂಮಿಯ ಸೆಳೆತ ನೆಲದಲ್ಲಿರುವುದರ 94 ಶೇಕಡದಷ್ಟಿದೆ. ನೌಕೆಯೂ ಒಳಗಿನ ಮನುಷ್ಯನೂ ಒಟ್ಟಾಗಿ ಬೀಳುತ್ತಲೇ ಇರುತ್ತಾರೆ. ಆದರೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರು ಮುಂದಕ್ಕೆ ಓಡುವುದರಿಂದ ದುಂಡಗಿನ ಭೂಮಿಯೂ ಅಷ್ಟಷ್ಟೇ ಕೆಳಗೆ ಬಾಗುತ್ತ ಹೋಗುತ್ತದೆ, ನೆಲ ಸಿಗುವುದೇ ಇಲ್ಲ. ಮರುದಿನ ತಳದ ಬಳಿ ತೂತು ಕೊರೆದ ಡಬ್ಬಿಗೆ ನೀರು ತುಂಬಿ ಶಾಲೆಯ ಮಾಡಿನ ಎತ್ತರದಿಂದ ಕೆಳಗೆ ಬಿಟ್ಟೆ. ಕೈಯಲ್ಲಿದ್ದಾಗ ಸುರಿಯುತ್ತಿದ್ದ ನೀರು ಡಬ್ಬಿ ಬೀಳುತ್ತಿರುವಷ್ಟು ಹೊತ್ತು ನಿಂತುಹೋಯಿತು. ನೀರೂ ಡಬ್ಬಿಯೂ ಒಟ್ಟಿಗೆ ಬೀಳುವಾಗ ಒಂದನ್ನೊಂದು ಒತ್ತುವುದೆಲ್ಲಿ? ಆ ಡಬ್ಬಿಯನ್ನು ಮತ್ತೆ ಮತ್ತೆ ಬೀಳಿಸಲು ಜಗಳವಾಡಿದ ಹಳೆಯ ವಿದ್ಯಾರ್ಥಿಗಳು ಈ ಲೇಖನವನ್ನು ಓದುತ್ತಿರಬಹುದು.

ನಮ್ಮ ಕಿವಿಯೊಳಗೆ ಮೇಲೆ ಕೆಳಗೆ ಎಂಬುದನ್ನು ತಿಳಿಸುವ ಸೂಕ್ಷ್ಮ ಅಂಗವಿದೆ. ಭಾರವಿಲ್ಲದಾಗ ಅದು ಹೇಳುವುದೊಂದು, ಕಣ್ಣು ಹೇಳುವುದು ಇನ್ನೊಂದು. ಈ ಗೊಂದಲವೇ ಓಕರಿಕೆಗೆ ಕಾರಣವೆಂದು ತಜ್ಞರು ಭಾವಿಸುತ್ತಾರೆ. ಹಿಂದೆ ಮಣಿಕಟ್ಟಿನ ಮುರಿತವನ್ನು ಮುಚ್ಚಿಟ್ಟಿದ್ದ ಟಿಟೋವ್ ಈ ಬಾರಿ ಮರಳಿದ ಬಳಿಕ ತನ್ನ ಅಸ್ವಸ್ಥತೆಯನ್ನು ವೈದ್ಯರ ಮುಂದೆ ಬಿಚ್ಚಿಟ್ಟರು. ವೀರನೆಂದು ಊರೆಲ್ಲ ಮೆರೆಸುತ್ತಿರುವಾಗ ವಾಂತಿ ಮಾಡಿದೆನೆಂದು ಹೇಳುವುದು ಸುಲಭವಲ್ಲವೆಂದು ನನಗೆ ತೋರುತ್ತದೆ. ಬಾಹ್ಯಾಕಾಶಕ್ಕೆ ಹೋದವರಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿಗೆ ಮೊದಲ ದಿನಗಳಲ್ಲಿ ಇದೇ ತೊಂದರೆಯಾಗುತ್ತದೆಂಬುದು ಮುಂದೆ ತಿಳಿಯಿತು. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಅವರು ಸಲ್ಯೂತ್-7 ನಿಲ್ದಾಣದಲ್ಲಿ ಯೋಗಾಭ್ಯಾಸ ಮಾಡಿದ್ದು, ಭಾರವಿಲ್ಲದ ಸ್ಥಿತಿಗೆ ಒಗ್ಗಿಕೊಳ್ಳಲು ಅದರಿಂದ ನೆರವಾಗುವುದೇ ಎಂದು ಪರೀಕ್ಷಿಸುವುದಕ್ಕಾಗಿಯೇ.

ಹಾರಿದಾಗ ಟಿಟೋವ್ ಅವರಿಗೆ 26 ತುಂಬಲು ಒಂದು ತಿಂಗಳಿತ್ತು. ಅವರಿಗಿಂತ ಎಳೆಯ ಪ್ರಾಯದವರೊಬ್ಬರು ಬಾಹ್ಯಾಕಾಶವನ್ನು ಮುಟ್ಟಿದ್ದು 60 ವರ್ಷಗಳ ಬಳಿಕ, 2021ರಲ್ಲಿ. ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಆದರೆ ಟಿಟೋವ್ ಮತ್ತೆ ಮೇಲೇರಲಿಲ್ಲ. ರೆಕ್ಕೆಯುಳ್ಳ ಹೊಸ ನೌಕೆಯೊಂದರ ಕೆಲಸದಲ್ಲಿ ತೊಡಗಿದ್ದರು. 1968ರಲ್ಲಿ ಗಗಾರಿನ್ ವಿಮಾನಾಪಘಾತದಲ್ಲಿ ತೀರಿಕೊಂಡರು. 1970ರಲ್ಲಿ ಟಿಟೋವ್ ಗಗನಯಾತ್ರಿಗಳ ತಂಡವನ್ನು ಬಿಟ್ಟರು. ಸೈನ್ಯದಲ್ಲಿ ಉನ್ನತ ಪದವಿಗೇರಿದರು, 1995ರಲ್ಲಿ ರಷ್ಯಾದ ಸಂಸತ್ತಿನ ಸದಸ್ಯರೂ ಆದರು. 2000ದ ಸೆಪ್ಟೆಂಬರ್ 20ರಂದು, 65ನೆಯ ಪ್ರಾಯದಲ್ಲಿ ಮಾಸ್ಕೋದಲ್ಲಿ ನಿಧನರಾದರು. ಚಂದ್ರನ ಆಚೆಯ ಮಗ್ಗುಲಿನ ಒಂದು ಕುಳಿಗೆ ಅವರ ಹೆಸರಿದೆ. ಆಲ್ತಾಯ್ ಪ್ರಾಂತದ ಪೊಲ್ಕೊವ್ನಿಕೊವೊ ಹಳ್ಳಿಯಲ್ಲಿ ಅವರು ಓದಿದ ಹಳೆಯ ಶಾಲೆಯ ಕಟ್ಟಡದಲ್ಲಿ ಅವರ ನೆನಪಿನ ವಸ್ತುಸಂಗ್ರಹಾಲಯವಿದೆ.