ಬರೇಲಿಯ ಕ್ಲಾರಾ ಸ್ವೇನ್ ಬಾಯಿಯವರ ಚರಿತ್ರೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ನೆರೆಹೊರೆಯವರಾಗಿ ಬಾಳುತ್ತೇವೆ. ಹೆರಿಗೆಯ ಬೇನೆಗೆ ಮತಭೇದವಿಲ್ಲವೆಂಬದನ್ನು ನಾವೆಲ್ಲರೂ ಬಲ್ಲೆವು. ಬೆಳಗಾವಿಯ ಮಿಶನ್ ಕಾರ್ಯವನ್ನು 1904ರಲ್ಲಿ ವಹಿಸಿಕೊಂಡ ಮೆಥೊಡಿಸ್ಟ್ ಸಭೆಯವರು ಅದಕ್ಕೆ ಬಹುಕಾಲ ಮೊದಲೇ ಉತ್ತರ ಹಿಂದುಸ್ಥಾನಕ್ಕೆ ಕಳುಹಿಸಿದ್ದ ಒಬ್ಬ ಸ್ತ್ರೀವೈದ್ಯರ ಚರಿತ್ರೆಯನ್ನು ಈ ಸಾರಿ ತಿಳಿಸುವೆವು.

ಕ್ಲಾರಾ ಸ್ವೇನ್ ಬಾಯಿಯವರು 1834ನೆಯ ಇಸವಿಯಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಸೀಮೆಯಲ್ಲಿ ಹುಟ್ಟಿದರು. ಕೆಲವು ಕಾಲ ಶಾಲೆಯಲ್ಲಿ ಕಲಿಸಿದರು. ಬಳಿಕ ಫಿಲಡೆಲ್ಫಿಯಾ ಪಟ್ಟಣದ ಸ್ತ್ರೀಯರ ವೈದ್ಯಕಾಲೇಜನ್ನು ಸೇರಿ 1869ರಲ್ಲಿ ತೇರ್ಗಡೆ ಹೊಂದಿದರು. ಅದೇ ವರುಷ ಇಸಬೆಲ್ಲಾ ಥೋಬರ್ನ್ ಬಾಯಿಯವರ ಸಂಗಡ ಹಡಗು ಹತ್ತಿ, 1870ನೆಯ ಜನವರಿ 20ರಂದು ಬರೇಲಿಯನ್ನು ಮುಟ್ಟಿದರು.

ಆ ಕಾಲದಲ್ಲಿ ಅಲ್ಲಿಯ ಮುಸಲ್ಮಾನರ ಮತ್ತು ಮೇಲ್ಜಾತಿಯ ಹಿಂದೂಗಳ ಮನೆಗಳಲ್ಲಿ ಸ್ತ್ರೀಯರು ಗೋಷಾದಲ್ಲಿರುತ್ತಿದ್ದರು. ಪರಪುರುಷನಾದ ವೈದ್ಯನು ಒಳಮನೆಗೆ ಬರುವಂತಿರಲಿಲ್ಲ. ಹೆರಿಗೆ ಕಷ್ಟವಾದರೆ ತಾಯಿಯೂ ಕೂಸೂ ಗೋಡೆಗಳೊಳಗೇ ಪ್ರಾಣ ಬಿಡುತ್ತಿದ್ದರು. ಊರಲ್ಲಿ ವೈದ್ಯನಿದ್ದರೂ ಅವರಿಗೆ ಇಲ್ಲದಂತೆಯೇ.

ಬಾಯಿಯವರು ಒಬ್ಬರೇ ಎಷ್ಟು ಮನೆಗಳಿಗೆ ಹೋಗಬಲ್ಲರು? ಆದದರಿಂದ ಬಂದ ವರುಷವೇ ಅನಾಥಾಲಯದ ಹುಡುಗಿಯರನ್ನೂ ಕೆಲವು ವಿವಾಹಿತ ಸ್ತ್ರೀಯರನ್ನೂ ಕೂಡಿಸಿ ವೈದ್ಯವಿದ್ಯೆಯನ್ನು ಕಲಿಸತೊಡಗಿದರು. 1873ರಲ್ಲಿ ಅವರಲ್ಲಿ 13 ಮಂದಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು.

ಆದರೆ ಆಸ್ಪತ್ರೆಗೆ ಸ್ಥಳವಿರಲಿಲ್ಲ. ಮಿಶನ್ ಬಂಗಲೆಗೆ ಹೊಂದಿದ ನೆಲವು ರಾಮಪುರದ ನವಾಬರದಾಗಿತ್ತು. ಆ ಮುಸಲ್ಮಾನ ಸಂಸ್ಥಾನಿಕರು ಮಿಶನರಿಗಳ ಕಾರ್ಯವನ್ನು ಮೆಚ್ಚದವರೆಂದು ಹೆಸರಾಗಿದ್ದರು. ಮಿಶನಿನವರು 1871ರಲ್ಲಿ ಅಂಜುತ್ತಲೇ ಅವರ ಬಳಿಗೆ ಹೋಗಿ ಕ್ರಯಕ್ಕೆ ಬೇಡಿದರು. ಸ್ತ್ರೀಯರ ಆಸ್ಪತ್ರೆಗೆಂದು ತಿಳಿದೊಡನೆ ನವಾಬರು ಹಣವನ್ನು ಕೇಳದೆ, ಸುಮಾರು 40 ಎಕರೆ ನೆಲವನ್ನೂ ಅದರಲ್ಲಿದ್ದ ಮನೆಯನ್ನೂ ದಾನವಾಗಿ ಕೊಟ್ಟುಬಿಟ್ಟರು. 1874ನೆಯ ಜನವರಿ 1ರಂದು ಅಲ್ಲಿ ಆಸ್ಪತ್ರೆಯು ತೆರೆಯಿತು.

ದೇಹಾಲಸ್ಯದ ನಿಮಿತ್ತ ಬಾಯಿಯವರು ಸ್ವದೇಶಕ್ಕೆ ಹೋಗಿ ಕೆಲವು ವರುಷಗಳ ಮೇಲೆ ತಿರಿಗಿ ಬಂದರು. 1885ರಲ್ಲಿ ರಜಪುತಾನದ ಖೇತ್ರಿಯ ರಾಣಿಯವರ ಚಿಕಿತ್ಸೆಗೆಂದು ಹೋಗಿ, ಸುಮಾರು ಹತ್ತು ವರುಷ ಅಲ್ಲಿಯ ಸ್ತ್ರೀಯರ ಸೇವೆಯಲ್ಲಿದ್ದರು. 1910ನೆಯ ಕ್ರಿಸ್ತಜಯಂತಿಯ ದಿನ ತಮ್ಮ ದೇಶದಲ್ಲಿ ದೈವಾಧೀನರಾದರು.

ಅವರು ಕಂಡ ಕೊರತೆ ಲೋಕದಿಂದ ಇನ್ನೂ ಹೋಗಿಲ್ಲ. ಆಫ್ಘಾನಿಸ್ಥಾನದ ಅಧಿಕಾರಿಗಳು 2024ರ ದಶಂಬರದಲ್ಲಿ ಸ್ತ್ರೀಯರಿಗೆ ಸೂಲಗಿತ್ತಿಯ ವಿದ್ಯೆಯನ್ನೂ ನರ್ಸ್ ವಿದ್ಯೆಯನ್ನೂ ಕಲಿಸುವ ಬಾಗಲುಗಳನ್ನು ಮುಚ್ಚಿದರು. ಬಾಂಗ್ಲಾದೇಶದವರೂ ಬಹುಮಟ್ಟಿಗೆ ಮುಸಲ್ಮಾನರೇ. ಅಲ್ಲಿಯಾದರೋ ಆರೋಗ್ಯದ ಕೆಲಸ ಕಲಿತ ಹೆಂಗಸರು ಮನೆಮನೆಗೆ ಹೋದದರಿಂದ ಬಾಣಂತಿಯರ ಮತ್ತು ಕೂಸುಗಳ ಮರಣವು ಬಹಳ ಇಳಿಯಿತು. ಹೀಗಿರಲಾಗಿ ತಾಯಂದಿರ ಮರಣಕ್ಕೆ ಮತವನ್ನು ದೂರುವುದು ಸರಿಯಲ್ಲ. ಬಲ್ಲ ಹೆಂಗಸೊಬ್ಬಳು ಹೊತ್ತಿಗೆ ಹತ್ತಿರವಿದ್ದರೆ ತಾಯಿ ಉಳಿಯುವಳು.

ನಮ್ಮಲ್ಲಿ 40 ಎಕರೆ ಕೊಡಬಲ್ಲವರು ಯಾರು? ಆದರೂ ಮಗಳನ್ನು ಅರ್ಧದಲ್ಲಿ ಶಾಲೆ ಬಿಡಿಸದೆ ನರ್ಸ್ ಆಗುವ ತನಕ ಓದಿಸುವುದೂ, ನೆರೆಮನೆಯ ಮುಸಲ್ಮಾನ ತಾಯಿಗೆ ರಾತ್ರಿ ಬೇನೆ ಎದ್ದರೆ ಗಾಡಿ ತಂದು ದವಾಖಾನೆಗೆ ಮುಟ್ಟಿಸುವುದೂ ನಮ್ಮ ಕೈಯಲ್ಲಿವೆ.