ಐರ್ಲೆಂಡಿನ ಡಿ ವೆಲೆರಾ

ಇತಿಹಾಸದ ಪಾಠದಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಸಮರದ ಪ್ರಸ್ತಾಪ ಬಂದಾಗ ಈಮನ್ ಡಿ ವೆಲೆರಾನ ಹೆಸರನ್ನು ಮೊದಲು ಕೇಳಿದೆ. ದಂಗೆಯ ದಳಪತಿಯಾಗಿದ್ದವನು, ಅಂತರ್ಯುದ್ಧದಲ್ಲಿ ಸೋತ ಪಕ್ಷದವನು, ತನ್ನನ್ನು ಸೋಲಿಸಿದ ರಾಜ್ಯಕ್ಕೇ ಮುಖ್ಯಸ್ಥನಾದದ್ದು ಹೇಗೆಂಬ ಕುತೂಹಲ ಅಂದಿನಿಂದಲೂ ನನ್ನಲ್ಲಿದೆ.

ಆತ ಹುಟ್ಟಿದ್ದು 1882ರ ಅಕ್ಟೋಬರ್ 14ರಂದು, ನ್ಯೂಯಾರ್ಕಿನಲ್ಲಿ. ತಾಯಿ ಐರ್ಲೆಂಡಿನಿಂದ ವಲಸೆ ಹೋದ ಬಡವಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಮಗು ಐರ್ಲೆಂಡಿನ ಬ್ರೂರಿ ಗ್ರಾಮಕ್ಕೆ ಬಂದು, ಕೂಲಿಕಾರರ ಪುಟ್ಟ ಮನೆಯೊಂದರಲ್ಲಿ, ಅಜ್ಜಿ ಹಾಗೂ ಸೋದರಮಾವನ ಆಶ್ರಯದಲ್ಲಿ ಬೆಳೆಯಿತು. ಮೈಲುಗಟ್ಟಲೆ ನಡೆದು ಶಾಲೆಗೆ ಹೋಗಿ, ವಿದ್ಯಾರ್ಥಿವೇತನದಿಂದ ಮುಂದೆ ಓದಿದ ಆ ಹುಡುಗ ಗಣಿತದ ಅಧ್ಯಾಪಕನಾದ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾದ ನನಗೆ ಈ ಭಾಗ ತೀರ ಹತ್ತಿರದ್ದೆನಿಸುತ್ತದೆ.

1916ರ ಈಸ್ಟರ್ ದಂಗೆಯಲ್ಲಿ ಆತ ಡಬ್ಲಿನ್ನಿನ ಬೋಲೆಂಡ್ ಗಿರಣಿಯ ಕಡೆಯ ಪಡೆಯನ್ನು ನಡೆಸಿದ. ದಂಗೆ ಮುರಿದುಬಿತ್ತು. ಆತನಿಗೆ ವಿಧಿಸಿದ ಮರಣದಂಡನೆ ಜೀವಾವಧಿ ಸೆರೆಯಾಗಿ ಮಾರ್ಪಟ್ಟು ತಲೆ ಉಳಿಯಿತು. 1921ರಲ್ಲಿ ಬ್ರಿಟನ್ನಿನೊಡನೆ ಒಪ್ಪಂದವಾಗಿ 26 ಕೌಂಟಿಗಳಿಗೆ ಸ್ವಂತ ಆಡಳಿತ ದೊರೆಯಿತು. ಆದರೆ ಶಾಸಕರು ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಡಿ ವೆಲೆರಾ ಇದಕ್ಕೆ ಒಪ್ಪಲಿಲ್ಲ. ಶಾಸನಸಭೆ 64-57 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. 1922ರ ಜೂನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ನಿನ್ನೆಯವರೆಗೆ ಜೊತೆಗೂಡಿ ಹೋರಾಡಿದವರು ಒಬ್ಬರನ್ನೊಬ್ಬರು ಕೊಂದರು. ಮೈಕೆಲ್ ಕಾಲಿನ್ಸ್ ಹೊಂಚುದಾಳಿಗೆ ಬಲಿಯಾದ. 1923ರ ಮೇ ತಿಂಗಳಲ್ಲಿ ಒಪ್ಪಂದದ ವಿರೋಧಿಗಳು ಹೋರಾಟ ನಿಲ್ಲಿಸಿದರು. ಅವರ ರಾಜಕೀಯ ನಾಯಕನಾಗಿದ್ದ ಡಿ ವೆಲೆರಾ ಅದೇ ವರ್ಷ ಸೆರೆಮನೆ ಸೇರಿದ.

ಬಿಡುಗಡೆಯ ನಂತರ, 1926ರಲ್ಲಿ ಆತ ಫಿಯನಾ ಫಾಯಿಲ್ ಪಕ್ಷವನ್ನು ಕಟ್ಟಿದ. ಮರುವರ್ಷ, ಪ್ರಮಾಣಕ್ಕೆ ಒಪ್ಪದವರು ಚುನಾವಣೆಗೇ ನಿಲ್ಲದಂತೆ ಸರಕಾರ ಕಾಯಿದೆ ತರಹೊರಟಾಗ, ಸಂಗಡಿಗರೊಡನೆ ಹೋಗಿ ಪ್ರಮಾಣದ ಪುಸ್ತಕಕ್ಕೆ ರುಜು ಹಾಕಿದ. ಅದು ಬರಿಯ ಔಪಚಾರಿಕ ವಿಧಿಯೆಂದು ಸಮರ್ಥಿಸಿಕೊಂಡ. ಹಾಗಿದ್ದರೆ ಐದು ವರ್ಷಗಳ ಹಿಂದೆ ಅಷ್ಟು ಜನ ಸತ್ತದ್ದೇಕೆ? ಈ ಪ್ರಶ್ನೆಗೆ ಆತನ ಬಾಳಿನಲ್ಲಿ ನನಗೆ ತೃಪ್ತಿಕರವಾದ ಉತ್ತರ ದೊರೆತಿಲ್ಲ.

1932ರ ಚುನಾವಣೆಯ ಬಳಿಕ ಆತ ಸರಕಾರ ರಚಿಸಿದ. ಅಂತರ್ಯುದ್ಧದಲ್ಲಿ ಗೆದ್ದಿದ್ದ ಕಾಸ್‌ಗ್ರೇವ್ ತನ್ನ ಹಳೆಯ ವೈರಿಗೆ ಶಾಂತವಾಗಿ ಅಧಿಕಾರ ಒಪ್ಪಿಸಿದ. ಮೆಚ್ಚುಗೆಯಲ್ಲಿ ಅರ್ಧ ಪಾಲು ಕಾಸ್‌ಗ್ರೇವನಿಗೂ ಸಲ್ಲಬೇಕು. 1933ರಲ್ಲಿ ಆ ಪ್ರಮಾಣ ಕಾಯಿದೆಯ ಮೂಲಕವೇ ರದ್ದಾಯಿತು. 1936ರಲ್ಲಿ, ಆಯುಧ ಬಿಡದೆ ಉಳಿದಿದ್ದ ತನ್ನ ಹಳೆಯ ಸಂಗಡಿಗರ ಸೈನ್ಯವನ್ನೇ ಡಿ ವೆಲೆರಾನ ಸರಕಾರ ಕಾನೂನುಬಾಹಿರವೆಂದು ಸಾರಿತು. 1937ರಲ್ಲಿ ಹೊಸ ಸಂವಿಧಾನ ಬಂದಿತು. ನಮ್ಮ ಸಂವಿಧಾನದ ನಿರ್ದೇಶಕ ತತ್ತ್ವಗಳಿಗೆ ಅದೇ ಮಾದರಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗರಾಯರು 1947ರಲ್ಲಿ ಐರ್ಲೆಂಡಿಗೆ ಹೋಗಿ ಆತನನ್ನು ಕಂಡಿದ್ದರು.

1959ರಿಂದ 1973ರವರೆಗೆ ರಾಷ್ಟ್ರಾಧ್ಯಕ್ಷನಾಗಿದ್ದ ಡಿ ವೆಲೆರಾ 1975ರ ಆಗಸ್ಟ್ 29ರಂದು ತೀರಿಕೊಂಡ. ಯಾವ ಪ್ರಮಾಣಕ್ಕಾಗಿ ಅಣ್ಣತಮ್ಮಂದಿರಂತಿದ್ದವರು ಪ್ರಾಣ ತೆತ್ತರೋ ಆ ಪ್ರಮಾಣವನ್ನು ಕೊನೆಗೆ ಅಳಿಸಿದ್ದು ಮತಪತ್ರ. ಇದನ್ನು ಕಾಣಲು ಆತನಿಗೂ ಆತನ ನಾಡಿಗೂ ತಗಲಿದ ಬೆಲೆ ದೊಡ್ಡದು. ಮತದಾನದ ಹಕ್ಕು ಹೊಸದಾಗಿ ಕೈಗೆ ಬಂದಿರುವ ನಾವು ವಿದ್ಯಾರ್ಥಿಗಳು ಆ ಬೆಲೆಯನ್ನು ಮರೆಯಬಾರದು.